ರಕ್ತ ಕೊಡುವ ಮೊದಲು ಒಂದು ಪ್ರಶ್ನೆ ಕೇಳಿ

ಕಳೆದ ಮಳೆಗಾಲದಲ್ಲಿ ಆಲೆಟ್ಟಿಯ ನಮ್ಮ ನೆರೆಮನೆಯ ಹುಡುಗ ಮೊಬೈಲ್ ಹಿಡಿದುಕೊಂಡು ಓಡಿ ಬಂದ. "ಕಾಕ, ಇದನ್ನೊಮ್ಮೆ ನೋಡಿ. ಉಮ್ಮನ ರಿಪೋರ್ಟ್" ಎಂದ. ಅವನ ಕೈ ನಡುಗುತ್ತಿತ್ತು.

ಅವನ ಅಣ್ಣ ದುಬೈಯಲ್ಲಿ ದುಡಿಯುತ್ತಿದ್ದಾನೆ. ಉಮ್ಮನಿಗೆ ಹೊಟ್ಟೆ ಉಬ್ಬರ, ಸಂಜೆಯಾದರೆ ಸಣ್ಣ ಜ್ವರ ಎಂದು ಫೋನಿನಲ್ಲಿ ಕೇಳಿದವನೇ ಅಲ್ಲಿಂದಲೇ ಒಂದು 'ಕ್ಯಾನ್ಸರ್ ಪ್ಯಾಕೇಜ್' ಬುಕ್ ಮಾಡಿದ್ದ. ಉಮ್ಮ ಸುಳ್ಯಕ್ಕೆ ಹೋಗಿ ರಕ್ತ ಕೊಟ್ಟು ಬಂದಿದ್ದರು. ರಿಪೋರ್ಟಿನಲ್ಲಿ ಹಲವು ಸಾಲುಗಳಿದ್ದವು, ಒಂದು ಸಾಲು ಮಾತ್ರ ಕೆಂಪು. ಅದು ಸಿಎ 125. ಸಾಮಾನ್ಯ ಮಿತಿ 35 ಎಂದು ಪಕ್ಕದಲ್ಲೇ ಬರೆದಿತ್ತು, ಉಮ್ಮನದ್ದು ಅದರ ಹಲವು ಪಟ್ಟು. ಮಗ ಮೊಬೈಲಿನಲ್ಲಿ ಹುಡುಕಿದ. ಅಂಡಾಶಯದ ಕ್ಯಾನ್ಸರ್ ಎಂದು ಅವನೇ ತೀರ್ಮಾನಿಸಿದ, ರಜೆ ಹಾಕಿ ಟಿಕೆಟ್ ಮಾಡಿದ. ಮನೆಯಲ್ಲಿ ಅಡುಗೆ ಸರಿಯಾಗಿ ಆಗಲಿಲ್ಲ, ಯಾರೂ ಸರಿಯಾಗಿ ಮಲಗಲಿಲ್ಲ. ವಿಷಯ ಗೊತ್ತಿಲ್ಲದೆ ಇದ್ದವರು ಉಮ್ಮ ಒಬ್ಬರೇ.

ಮಂಗಳೂರಿನಲ್ಲಿ ಡಾಕ್ಟರು ಸ್ಕ್ಯಾನ್ ಮಾಡಿಸಿದರು, ಹೊಟ್ಟೆಯಲ್ಲಿ ತುಂಬಿದ್ದ ನೀರನ್ನು ತೆಗೆದು ಪರೀಕ್ಷೆಗೆ ಕಳಿಸಿದರು. ಕೊನೆಗೆ ಗೊತ್ತಾಗಿದ್ದು ಹೊಟ್ಟೆಯ ಕ್ಷಯ ಎಂದು. ಆರು ತಿಂಗಳು ಸರಕಾರದ ಉಚಿತ ಗುಳಿಗೆ ನುಂಗಿದರು. ಅಲ್ ಹಮ್ದುಲಿಲ್ಲಾಹ್, ಈಗ ತೋಟಕ್ಕಿಳಿದು ಅಡಿಕೆ ಹೆಕ್ಕುತ್ತಾರೆ.

ಆ ಲ್ಯಾಬ್ ಸುಳ್ಳು ಹೇಳಿರಲಿಲ್ಲ. ಸಿಎ 125 ನಿಜವಾಗಿಯೂ ಏರಿತ್ತು. ಆದರೆ ಅದು ಹೊಟ್ಟೆಯ ಕ್ಷಯದಲ್ಲೂ ಏರುತ್ತದೆ, ಗರ್ಭಕೋಶದ ಹಲವು ಸಾಮಾನ್ಯ ತೊಂದರೆಗಳಲ್ಲೂ ಏರುತ್ತದೆ, ಮುಟ್ಟಿನ ದಿನಗಳಲ್ಲೂ ಸ್ವಲ್ಪ ಏರಬಹುದು. ಅದು ಉತ್ತರಿಸಲಾಗದ ಪ್ರಶ್ನೆಯನ್ನು ನಾವು ಅದಕ್ಕೆ ಕೇಳಿದ್ದೆವು.

ನಾನು ಡಾಕ್ಟರಲ್ಲ. ಮೂವತ್ತು ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆದು, ಪರೀಕ್ಷಿಸಿ, ರಿಪೋರ್ಟ್ ಬರೆದು ನಿವೃತ್ತನಾದವನು. ಈಗ ಊರಿನ ಜನ ಆಸ್ಪತ್ರೆಯ ಫೈಲು ಹಿಡಿದು ನನ್ನಲ್ಲಿಗೆ ಬರುತ್ತಾರೆ. ಅವರಿಗೆಲ್ಲ ಹೇಳುವ ಮಾತನ್ನೇ ಇಲ್ಲಿ ನಿಮಗೂ ಹೇಳುತ್ತೇನೆ. ಕ್ಯಾನ್ಸರ್ ವಿಷಯದಲ್ಲಿ ರಕ್ತ ಪರೀಕ್ಷೆ ಮಾಡಿಸುವ ಮೊದಲು ಡಾಕ್ಟರರಲ್ಲಿ ಒಂದೇ ಪ್ರಶ್ನೆ ಕೇಳಿ: "ಇದರ ಉತ್ತರ ಬಂದ ಮೇಲೆ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ?" ಬದಲಾಗುವುದಿದ್ದರೆ ಸಾಲ ಮಾಡಿಯಾದರೂ ಮಾಡಿಸಿ. ಏನೂ ಬದಲಾಗದಿದ್ದರೆ ಆ ಹಣವನ್ನು ರೋಗಿಯ ಊಟಕ್ಕೆ, ಪ್ರಯಾಣಕ್ಕೆ ಇಟ್ಟುಕೊಳ್ಳಿ.

ಒಂದೇ ರಕ್ತ, ಹಲವು ಪ್ರಶ್ನೆ

ಕ್ಯಾನ್ಸರ್‌ಗೆ ಸಂಬಂಧಿಸಿದ ರಕ್ತ ಪರೀಕ್ಷೆಗಳೆಲ್ಲ ಒಂದೇ ಎಂದು ತುಂಬ ಜನ ತಿಳಿದಿದ್ದಾರೆ. ಹಾಗಲ್ಲ. ರೋಗ ಇದೆಯೇ ಎಂಬುದು ಒಂದು ಪ್ರಶ್ನೆ. ಇರುವ ರೋಗಕ್ಕೆ ಯಾವ ಮದ್ದು ನಾಟುತ್ತದೆ ಎಂಬುದು ಇನ್ನೊಂದು. ಕೊಡುತ್ತಿರುವ ಮದ್ದು ಈಗ ಕೆಲಸ ಮಾಡುತ್ತಿದೆಯೇ ಎಂಬುದು ಮೂರನೆಯದು. ಈ ಮದ್ದನ್ನು ರೋಗಿಯ ದೇಹ ತಾಳಿಕೊಳ್ಳುತ್ತದೆಯೇ ಎಂಬುದು ನಾಲ್ಕನೆಯದು.

ಜಾಹೀರಾತಿನ ಪ್ಯಾಕೇಜುಗಳು ಮೊದಲನೆಯ ಪ್ರಶ್ನೆಗೆ ಉತ್ತರ ಕೊಡುತ್ತೇವೆ ಎನ್ನುತ್ತವೆ. ಅವು ಸೋಲುವುದು ಅಲ್ಲಿಯೇ. ಸಿಇಎ ಎಂಬ ಪರೀಕ್ಷೆಯನ್ನು ನೋಡಿ. 1965ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ ಎಂಬವರು ಇದನ್ನು ಕರುಳಿನ ಕ್ಯಾನ್ಸರ್‌ನಲ್ಲಿ ಕಂಡುಹಿಡಿದರು. ಇದೊಂದರಿಂದಲೇ ಕ್ಯಾನ್ಸರ್ ಹಿಡಿಯಬಹುದು ಎಂದು ಆಗ ಜನ ಆಸೆಪಟ್ಟರು. ಆದರೆ ಬೀಡಿ, ಸಿಗರೇಟು ಸೇದುವವರಲ್ಲಿ ರೋಗವಿಲ್ಲದಿದ್ದರೂ ಸಿಇಎ ಏರುತ್ತದೆ. ಕ್ಯಾನ್ಸರ್ ಇದ್ದವರಲ್ಲಿ ಆರಂಭದಲ್ಲಿ ಏರದೆಯೂ ಇರಬಹುದು. ಆರೋಗ್ಯವಂತರಲ್ಲಿ ರೋಗ ಹುಡುಕಲು ಅದು ಬಾರದು. ಕರುಳಿನ ಕ್ಯಾನ್ಸರ್‌ಗೆ ಆಪರೇಷನ್ ಆದವರಲ್ಲಿ ರೋಗ ಮರಳಿದೆಯೇ ಎಂದು ನೋಡಲು ಮಾತ್ರ ಇವತ್ತಿಗೂ ಬಹಳ ಉಪಯೋಗ. ಅದೇ ಪರೀಕ್ಷೆ ಒಂದು ಪ್ರಶ್ನೆಗೆ ಪ್ರಯೋಜನವಿಲ್ಲ, ಇನ್ನೊಂದಕ್ಕೆ ಬಹಳ ಬೇಕು.

ನಾನು ನಿಮ್ಮ ಗಮನ ಸೆಳೆಯಬೇಕೆಂದಿರುವುದು ಎರಡನೆಯ, ಮೂರನೆಯ, ನಾಲ್ಕನೆಯ ಪ್ರಶ್ನೆಗಳತ್ತ. ವಿಜ್ಞಾನ ನಿಜವಾಗಿ ಮುಂದೆ ಹೋಗಿರುವುದು ಅಲ್ಲಿ. ನಮ್ಮವರು ಎಡವುತ್ತಿರುವುದೂ ಅಲ್ಲಿ.

ಯಾವ ಮದ್ದು ಯಾರಿಗೆ ನಾಟುತ್ತದೆ?

ಶ್ವಾಸಕೋಶದ ಕ್ಯಾನ್ಸರ್‌ಗೆ ಗೆಫಿಟಿನಿಬ್ ಎಂಬ ಗುಳಿಗೆ ಇದೆ. ಇದನ್ನು ಕೀಮೋ ಜೊತೆ ಹೋಲಿಸಿ ಪೂರ್ವ ಏಷ್ಯಾದ ದೇಶಗಳಲ್ಲಿ ನಡೆದ ದೊಡ್ಡ ಅಧ್ಯಯನದ ಫಲಿತಾಂಶ 2009ರಲ್ಲಿ ಬಂತು. ಇಜಿಎಫ್ಆರ್ ಎಂಬ ಜೀನಿನಲ್ಲಿ ಬದಲಾವಣೆ ಇದ್ದ ರೋಗಿಗಳಲ್ಲಿ 100ಕ್ಕೆ 71 ಮಂದಿಯ ಗಡ್ಡೆ ಗುಳಿಗೆಯಿಂದ ಕುಗ್ಗಿತು. ಆ ಬದಲಾವಣೆ ಇಲ್ಲದವರಲ್ಲಿ ಕುಗ್ಗಿದ್ದು 100ಕ್ಕೆ ಒಬ್ಬರಲ್ಲಿ ಮಾತ್ರ. ಅವರಿಗೆ ಕೀಮೋ ಕೊಟ್ಟಿದ್ದರೆ 100ಕ್ಕೆ 23 ಮಂದಿಗೆ ಗುಣ ಕಾಣುತ್ತಿತ್ತು. ಅಂದರೆ ಒಬ್ಬನಿಗೆ ವರವಾದ ಗುಳಿಗೆ ಇನ್ನೊಬ್ಬನ ಅಮೂಲ್ಯ ತಿಂಗಳುಗಳನ್ನು ಹಾಳು ಮಾಡುತ್ತದೆ. ಹೊರಗಿನಿಂದ ನೋಡಿದರೆ ಇಬ್ಬರದ್ದೂ ಒಂದೇ ರೋಗ, ಒಂದೇ ಕೆಮ್ಮು. ಪರೀಕ್ಷೆಯೊಂದೇ ಇಬ್ಬರನ್ನು ಬೇರ್ಪಡಿಸಬಲ್ಲದು.

ಆಗ ಆ ಪರೀಕ್ಷೆಯನ್ನು ಗಡ್ಡೆಯ ತುಣುಕಿನಲ್ಲಿ ಮಾಡುತ್ತಿದ್ದರು. ಎದೆಗೆ ಸೂಜಿ ಹಾಕಿ ತುಣುಕು ತೆಗೆಯುವುದು ಎಲ್ಲರಿಂದ ಆಗುವುದಿಲ್ಲ. ಮುದುಕರು, ಉಸಿರಾಡಲು ಕಷ್ಟಪಡುವವರು ತಾಳುವುದಿಲ್ಲ. ಗಡ್ಡೆಯ ಕೋಶಗಳು ಸಾಯುವಾಗ ಅವುಗಳ ಡಿಎನ್ಎ ಚೂರುಗಳು ರಕ್ತಕ್ಕೆ ಬೀಳುತ್ತವೆ. ಮನುಷ್ಯರ ರಕ್ತದಲ್ಲಿ ಇಂಥ ಅಲೆಮಾರಿ ಡಿಎನ್ಎ ಇದೆ ಎಂದು 1948ರಷ್ಟು ಹಿಂದೆಯೇ ಫ್ರಾನ್ಸಿನಲ್ಲಿ ಕಂಡುಕೊಂಡಿದ್ದರು. ಆ ಚೂರುಗಳನ್ನು ಹಿಡಿದು ಇಜಿಎಫ್ಆರ್ ಬದಲಾವಣೆ ನೋಡುವ ಮೊದಲ ರಕ್ತ ಪರೀಕ್ಷೆಗೆ ಅಮೆರಿಕದ ಔಷಧ ಆಡಳಿತ 2016ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಈಗ ಇಂಥ ಪರೀಕ್ಷೆ ನಮ್ಮ ಬೆಂಗಳೂರಿನ ಮೆಡ್‌ಜೀನೋಮ್, ಸ್ಟ್ರ್ಯಾಂಡ್ ಮುಂತಾದ ಲ್ಯಾಬುಗಳಲ್ಲೂ ಆಗುತ್ತದೆ.

ಇದು ನಮಗೆ ದೂರದ ಮಾತಲ್ಲ. ಭಾರತದಲ್ಲಿ ಶ್ವಾಸಕೋಶದ ಅಡಿನೋಕಾರ್ಸಿನೋಮ ಎಂಬ ಬಗೆಯ ಕ್ಯಾನ್ಸರ್ ಇರುವವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಈ ಬದಲಾವಣೆ ಇರುತ್ತದೆ. ಬೀಡಿ ಮುಟ್ಟದವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಇದು ಹೆಚ್ಚು. "ನಮ್ಮ ಉಮ್ಮ ಹೊಗೆ ಸೇದಿದವರಲ್ಲ, ಇನ್ನು ಯಾಕೆ ಅಷ್ಟೆಲ್ಲ ಪರೀಕ್ಷೆ" ಎಂದು ಮನೆಗೆ ಕರಕೊಂಡು ಬರುವವರು ಇದನ್ನು ನೆನಪಿಡಬೇಕು. ಗುಳಿಗೆ ನಾಟುವ ಸಾಧ್ಯತೆ ಹೆಚ್ಚಿರುವುದು ಅವರಿಗೇ.

ಲ್ಯಾಬಿನವನಾಗಿ ಎರಡು ಎಚ್ಚರಿಕೆ ಕೊಡುತ್ತೇನೆ. ರಕ್ತದಲ್ಲಿ ಬದಲಾವಣೆ 'ಇದೆ' ಎಂದು ಬಂದರೆ ನಂಬಬಹುದು. 'ಇಲ್ಲ' ಎಂದು ಬಂದರೆ ಅದು ಕೊನೆಯ ಮಾತಲ್ಲ. ಬದಲಾವಣೆ ಇದ್ದೂ ರಕ್ತದಲ್ಲಿ ಸಿಗದೆ ಹೋಗುವುದು 10ರಲ್ಲಿ ಮೂವರಲ್ಲಾದರೂ ಉಂಟು. ಆಗ ಸಾಧ್ಯವಿದ್ದರೆ ಗಡ್ಡೆಯ ತುಣುಕಿನಲ್ಲೇ ನೋಡಬೇಕು. ಎರಡನೆಯದು, ಈ ರಕ್ತವನ್ನು ಸಕ್ಕರೆ ಪರೀಕ್ಷೆಯ ರಕ್ತದಂತೆ ಫ್ರಿಜ್ಜಿನಲ್ಲಿಟ್ಟು ನಾಳೆ ಕಳಿಸುವಂತಿಲ್ಲ. ಸಾಮಾನ್ಯ ಟ್ಯೂಬಿನಲ್ಲಿ ತೆಗೆದರೆ ಕೆಲವೇ ಗಂಟೆಗಳೊಳಗೆ ಪ್ಲಾಸ್ಮಾ ಬೇರ್ಪಡಿಸಬೇಕು. ಇಲ್ಲವಾದರೆ ಬಿಳಿ ರಕ್ತಕಣಗಳು ಒಡೆದು ಅವುಗಳ ಡಿಎನ್ಎಯ ರಾಶಿಯಲ್ಲಿ ಗಡ್ಡೆಯ ಚೂರು ಮುಚ್ಚಿಹೋಗುತ್ತದೆ. ಕೆಲವು ದಿನ ತಾಳುವ ಬೇರೆಯೇ ಟ್ಯೂಬ್ ಇದೆ. ಮಳೆಗಾಲದಲ್ಲಿ ಘಾಟಿ ರಸ್ತೆ ಮುಚ್ಚಿದರೆ ನಮ್ಮ ಕಡೆಯ ಕೊರಿಯರ್ ಎಲ್ಲಿ ನಿಲ್ಲುತ್ತದೆಯೋ ಯಾರಿಗೆ ಗೊತ್ತು? ಆದ್ದರಿಂದ ರಕ್ತ ಕೊಡುವಾಗಲೇ "ಯಾವ ಟ್ಯೂಬ್? ಎಷ್ಟು ಹೊತ್ತಿಗೆ ತಲುಪುತ್ತದೆ?" ಎಂದು ಕೇಳುವುದರಲ್ಲಿ ನಾಚಿಕೆ ಬೇಡ.

ಗುಳಿಗೆ ಕೊಟ್ಟೆವು, ಪರೀಕ್ಷೆ ಮರೆತೆವು

ಇನ್ನು ನಾನು ಹೇಳಬೇಕಾದದ್ದು ನನ್ನದೇ ತಪ್ಪಿನ ಕಥೆ.

ನಮ್ಮ ಪಕ್ಕದ ಊರಿನಲ್ಲಿ ರಬ್ಬರ್ ಟ್ಯಾಪಿಂಗ್ ಮಾಡುವ ಒಬ್ಬರಿಗೆ ಕೆಲವು ವರ್ಷಗಳ ಹಿಂದೆ ಸಿಎಂಎಲ್ ಎಂಬ ರಕ್ತದ ಕ್ಯಾನ್ಸರ್ ಬಂತು. ನಲವತ್ತು ದಾಟಿದ ವಯಸ್ಸು, ಮೂವರು ಮಕ್ಕಳು. ಜಮಾಅತ್‌ನ ಸಹಾಯ ಸಮಿತಿಯಲ್ಲಿ ನಾನೂ ಇದ್ದೆ. ತಿಂಗಳ ಗುಳಿಗೆಯ ಖರ್ಚು ನಾವು ನೋಡಿಕೊಳ್ಳುತ್ತೇವೆ ಎಂದು ಒಪ್ಪಿದೆವು, ಒಂದು ತಿಂಗಳೂ ತಪ್ಪಿಸಲಿಲ್ಲ.

ಆ ಗುಳಿಗೆಯ ಹೆಸರು ಇಮ್ಯಾಟಿನಿಬ್. 2001ರಲ್ಲಿ ಅದು ಬಂದಾಗ ಈ ರೋಗದ ಹಣೆಬರಹವೇ ಬದಲಾಯಿತು. 2013ರ ಹೊತ್ತಿಗೆ ಮೂಲ ಕಂಪೆನಿಯ ಗುಳಿಗೆಗೆ ಭಾರತದಲ್ಲಿ ತಿಂಗಳಿಗೆ ಸುಮಾರು 1 ಲಕ್ಷ 20 ಸಾವಿರ ರೂಪಾಯಿ ಇತ್ತು, ನಮ್ಮ ದೇಶದ ಕಂಪೆನಿಗಳ ಗುಳಿಗೆಗೆ 8ರಿಂದ 10 ಸಾವಿರ ಇತ್ತು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಮೂಲ ಕಂಪೆನಿಯ ಪೇಟೆಂಟ್ ಬೇಡಿಕೆಯನ್ನು ತಳ್ಳಿಹಾಕಿತು. ಅದರಿಂದಾಗಿ ಬಡವರ ಮನೆಗೂ ಈ ಮದ್ದು ತಲುಪುವ ದಾರಿ ಮುಚ್ಚದೆ ಉಳಿಯಿತು.

ಆದರೆ ಗುಳಿಗೆ ನುಂಗಿದರೆ ಸಾಲದು, ಅದು ನಾಟುತ್ತಿದೆಯೇ ಎಂದು ನೋಡಬೇಕು. ಅದಕ್ಕೆ ಬಿಸಿಆರ್-ಎಬಿಎಲ್ ಎಂಬ ರಕ್ತ ಪರೀಕ್ಷೆ ಇದೆ. ಎಲುಬಿನ ಮಜ್ಜೆಗೆ ಪ್ರತಿ ಸಲ ಸೂಜಿ ಹಾಕಬೇಕಿಲ್ಲ, ಕೈಯ ರಕ್ತ ಸಾಕು. ಚಿಕಿತ್ಸೆ ಶುರುವಾಗಿ 3 ತಿಂಗಳಿಗೆ ಈ ಸಂಖ್ಯೆ ಶೇ. 10ಕ್ಕೆ ಇಳಿಯಬೇಕು, 6 ತಿಂಗಳಿಗೆ ಶೇ. 1ಕ್ಕೆ, ಒಂದು ವರ್ಷಕ್ಕೆ ಶೇ. 0.1ಕ್ಕೆ. ಹೀಗೆ ಇಳಿದವರಿಗೆ ದೀರ್ಘ ಕಾಲ ಒಳ್ಳೆಯದಾಗುವ ಭರವಸೆ ಹೆಚ್ಚು. ಇಳಿಯದಿದ್ದರೆ ಡಾಕ್ಟರು ಮೊದಲು ಗುಳಿಗೆ ತಪ್ಪುತ್ತಿದೆಯೇ ಎಂದು ಕೇಳುತ್ತಾರೆ. ಬಳಿಕ ಆ ಜೀನಿನಲ್ಲಿ ಹೊಸ ಬದಲಾವಣೆ ಬಂದಿದೆಯೇ ಎಂದು ಇನ್ನೊಂದು ರಕ್ತ ಪರೀಕ್ಷೆ ಮಾಡಿಸುತ್ತಾರೆ. ಯಾವ ಬದಲಾವಣೆ ಎಂಬುದರ ಮೇಲೆ ಮುಂದಿನ ಮದ್ದು ನಿಂತಿದೆ. ಟಿ315ಐ ಎಂಬ ಬದಲಾವಣೆ ಇದ್ದರೆ ಸಾಮಾನ್ಯವಾಗಿ ಕೊಡುವ ಎರಡನೆಯ ಸಾಲಿನ ಗುಳಿಗೆಗಳೂ ನಾಟುವುದಿಲ್ಲ. ಹಣ ಸುರಿಯುವ ಮೊದಲೇ ಅದು ಗೊತ್ತಾಗುತ್ತದೆ.

ನೋಡಿ, ನಾನು ಆರಂಭದಲ್ಲಿ ಹೇಳಿದ ಪ್ರಶ್ನೆಗೆ ಇಷ್ಟು ಸ್ಪಷ್ಟ ಉತ್ತರ ಕೊಡುವ ಪರೀಕ್ಷೆ ಬೇರೆ ಅಪರೂಪ. ಉತ್ತರ ಬಂದರೆ ಚಿಕಿತ್ಸೆ ಬದಲಾಗುತ್ತದೆ. ಆದರೂ ಆ ಟ್ಯಾಪಿಂಗ್ ಕೆಲಸದವರು ಸುಮಾರು ಎರಡು ವರ್ಷ ಆ ಪರೀಕ್ಷೆಯನ್ನೇ ಮಾಡಿಸಿರಲಿಲ್ಲ. ಯಾಕೆ? ಗುಳಿಗೆಗೆ ನಾವು ಕೊಡುತ್ತಿದ್ದೆವು, ಪರೀಕ್ಷೆಗೆ ಕೊಡುತ್ತಿರಲಿಲ್ಲ. ಅವರಾಗಿ ಕೇಳಲಿಲ್ಲ. ಇಷ್ಟು ಮಾಡುತ್ತಿದ್ದಾರಲ್ಲ, ಇನ್ನೂ ಕೇಳುವುದು ಹೇಗೆ ಎಂಬ ಸಂಕೋಚ. ಪರೀಕ್ಷೆಯ ಫೀಸು, ಬಸ್ಸಿನ ಖರ್ಚು, ಎರಡು ದಿನದ ಕೂಲಿ ನಷ್ಟ, ಎಲ್ಲ ಸೇರಿದರೆ ಅವರಿಗೆ ಅದು ದೊಡ್ಡ ಮೊತ್ತ. ಮೈಯಲ್ಲಿ ಆರಾಮವಾಗಿತ್ತು, ಸಾಮಾನ್ಯ ರಕ್ತದ ಲೆಕ್ಕ ಸರಿಯಿತ್ತು. ಮೂವತ್ತು ವರ್ಷ ಲ್ಯಾಬಿನಲ್ಲಿದ್ದ ನಾನೂ "ಮೂರು ತಿಂಗಳ ಪರೀಕ್ಷೆ ಆಯಿತಾ?" ಎಂದು ಒಂದು ಸಲವೂ ಕೇಳಲಿಲ್ಲ.

ಒಂದು ದಿನ ಎಡ ಪಕ್ಕೆಲುಬಿನ ಕೆಳಗೆ ಭಾರ ಎಂದರು. ಗುಲ್ಮ ಊದಿತ್ತು, ಬಿಳಿ ರಕ್ತಕಣ ಏರಿತ್ತು. ಆಮೇಲೆ ವಿಚಾರಿಸಿದಾಗ ಗೊತ್ತಾಯಿತು, ವಾಕರಿಕೆ ಬಂದ ದಿನ ಗುಳಿಗೆ ಬಿಡುತ್ತಿದ್ದರು, ರಮಝಾನ್‌ನಲ್ಲಿ ಹಲವು ದಿನ ಬಿಟ್ಟಿದ್ದರು. ಡಾಕ್ಟರು ಮದ್ದು ಬದಲಿಸಿದ್ದಾರೆ. ಹೊಸ ಮದ್ದು ದುಬಾರಿ, ಮೊದಲಿನಷ್ಟು ನಿಶ್ಚಿಂತೆ ಇಲ್ಲ. ಅವರು ಈಗಲೂ ನನ್ನನ್ನು ಕಂಡರೆ ನಗುತ್ತಾರೆ. ನನಗೆ ಮಾತ್ರ ಅವರ ಮುಖ ನೋಡುವುದು ಕಷ್ಟ.

ಗುಳಿಗೆ ಬಿಡುವುದರ ಬೆಲೆ ಏನೆಂದು 2010ರಲ್ಲಿ ಲಂಡನ್‌ನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯವರು ತೋರಿಸಿಕೊಟ್ಟರು. 87 ರೋಗಿಗಳ ಗುಳಿಗೆ ಡಬ್ಬಿಯ ಮುಚ್ಚಳದಲ್ಲಿ ಚಿಪ್ ಇಟ್ಟು, ಮುಚ್ಚಳ ತೆರೆದ ದಿನಗಳನ್ನು ಮೂರು ತಿಂಗಳು ಲೆಕ್ಕ ಹಾಕಿದರು. ನೂರರಲ್ಲಿ ತೊಂಬತ್ತಕ್ಕಿಂತ ಹೆಚ್ಚು ಗುಳಿಗೆ ನುಂಗಿದವರಲ್ಲಿ ಬಹುತೇಕ ಎಲ್ಲರ ಬಿಸಿಆರ್-ಎಬಿಎಲ್ ಚೆನ್ನಾಗಿ ಇಳಿಯಿತು, ಅದಕ್ಕಿಂತ ಕಡಿಮೆ ನುಂಗಿದವರಲ್ಲಿ ಹೆಚ್ಚಿನವರದ್ದು ಇಳಿಯಲಿಲ್ಲ. ತಿಂಗಳಿಗೆ ಮೂರು ದಿನ ಬಿಟ್ಟರೆ ಅಲ್ಲಿಗೆ ನೂರಕ್ಕೆ ಹತ್ತು ತಪ್ಪಿದಂತಾಯಿತು ಎಂದು ನೀವೇ ಲೆಕ್ಕ ಹಾಕಿ ನೋಡಿ.

ರಮಝಾನ್ ಬಂದಾಗ ಗುಳಿಗೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಇಮ್ಯಾಟಿನಿಬ್ ಅನ್ನು ಸಾಮಾನ್ಯವಾಗಿ ದಿನಕ್ಕೊಮ್ಮೆ ಊಟದ ಜೊತೆ, ದೊಡ್ಡ ಲೋಟ ನೀರಿನ ಜೊತೆ ತೆಗೆದುಕೊಳ್ಳಲು ಹೇಳುತ್ತಾರೆ. ಹೊತ್ತನ್ನು ಇಫ್ತಾರಿಗೆ ಬದಲಿಸಬಹುದೇ, ಉಪವಾಸ ಹಿಡಿಯುವ ಶಕ್ತಿ ನಿಮ್ಮ ದೇಹಕ್ಕಿದೆಯೇ ಎಂದು ಶಅಬಾನ್‌ನಲ್ಲೇ ಡಾಕ್ಟರರಲ್ಲಿ ಕೇಳಿ. ಬಿಸಿಆರ್-ಎಬಿಎಲ್ ಪರೀಕ್ಷೆಗೆ ಖಾಲಿ ಹೊಟ್ಟೆ ಬೇಕಾಗಿಲ್ಲ. ಉಪವಾಸದಲ್ಲಿ ಪರೀಕ್ಷೆಗೆ ರಕ್ತ ಕೊಡುವ ವಿಷಯದಲ್ಲಿ ಸಂಶಯವಿದ್ದರೆ ಉಸ್ತಾದರನ್ನು ಕೇಳಿ ಬಗೆಹರಿಸಿಕೊಳ್ಳಿ, ಪರೀಕ್ಷೆಯನ್ನು ಮುಂದೂಡಬೇಡಿ.

ಇನ್ನೊಂದು ಸಂತೋಷದ ಮಾತು. ವರ್ಷಗಟ್ಟಲೆ ಈ ಸಂಖ್ಯೆ ತೀರಾ ಕೆಳಗೆ ನಿಂತವರಲ್ಲಿ ಕೆಲವರಿಗೆ ಡಾಕ್ಟರ ನಿಗಾದಲ್ಲಿ ಗುಳಿಗೆಯನ್ನೇ ನಿಲ್ಲಿಸಿ ನೋಡಲು ಈಗ ಸಾಧ್ಯವಿದೆ. ಆದರೆ ಅದಕ್ಕೆ ತಪ್ಪದೆ ಮಾಡಿಸಿದ ಪರೀಕ್ಷೆಗಳ ದಾಖಲೆ ಬೇಕು, ನಿಲ್ಲಿಸಿದ ಮೇಲೂ ಮತ್ತೆ ಮತ್ತೆ ಪರೀಕ್ಷೆ ಬೇಕು. ಪರೀಕ್ಷೆ ಬಿಟ್ಟವರಿಗೆ ಆ ಬಾಗಿಲು ತೆರೆಯುವುದಿಲ್ಲ.

ಮದ್ದು ತಾಳುತ್ತದೆಯೇ? ಮದ್ದೇ ಬೇಕೇ?

ಮಕ್ಕಳ ರಕ್ತ ಕ್ಯಾನ್ಸರ್‌ನಲ್ಲಿ ಬಳಸುವ ಹಳೆಯ, ಅಗ್ಗದ ಒಂದು ಪರೀಕ್ಷೆ ಇದೆ. ಮಗುವಿಗೆ ಒಂದು ವಾರ ಪ್ರೆಡ್ನಿಸೊಲೋನ್ ಕೊಟ್ಟು ಎಂಟನೆಯ ದಿನ ರಕ್ತದ ಹನಿಯನ್ನು ಗಾಜಿನ ಮೇಲೆ ಹಚ್ಚಿ ಮೈಕ್ರೋಸ್ಕೋಪ್‌ನಲ್ಲಿ ರೋಗದ ಕೋಶಗಳನ್ನು ಎಣಿಸುವುದು. ಒಂದು ಮೈಕ್ರೋಲೀಟರ್ ರಕ್ತದಲ್ಲಿ 1000ಕ್ಕಿಂತ ಕಡಿಮೆ ಇದ್ದರೆ ಮದ್ದಿಗೆ ರೋಗ ಒಗ್ಗಿದೆ ಎಂದರ್ಥ, ಹೆಚ್ಚಿದ್ದರೆ ಇನ್ನೂ ಬಲವಾದ ಚಿಕಿತ್ಸೆ ಬೇಕು. ಜರ್ಮನಿಯ ವೈದ್ಯರು ರೂಢಿಗೆ ತಂದ ವಿಧಾನ ಇದು. ಇಂಥ ಎಣಿಕೆಗೆ ಮೈಕ್ರೋಸ್ಕೋಪ್ ಮತ್ತು ತಾಳ್ಮೆ ಸಾಕು. ಒಳ್ಳೆಯ ಪರೀಕ್ಷೆ ಎಂದರೆ ದುಬಾರಿ ಪರೀಕ್ಷೆ ಎಂದು ತಿಳಿಯಬೇಡಿ.

ಮದ್ದು ದೇಹಕ್ಕೆ ಅತಿಯಾಗುವ ಅಪಾಯವನ್ನೂ ರಕ್ತ ಮೊದಲೇ ಹೇಳಬಲ್ಲದು. ಕರುಳು, ಹೊಟ್ಟೆ, ಸ್ತನದ ಕ್ಯಾನ್ಸರ್‌ಗಳಿಗೆ ಕೊಡುವ 5-ಎಫ್‌ಯು, ಕ್ಯಾಪೆಸಿಟಬಿನ್ ಎಂಬ ಮದ್ದುಗಳನ್ನು ದೇಹದಲ್ಲಿ ಕರಗಿಸುವ ಒಂದು ಕಿಣ್ವ ಕೆಲವರಲ್ಲಿ ಹುಟ್ಟಿನಿಂದಲೇ ಕಡಿಮೆ. ಅಂಥವರಿಗೆ ಎಲ್ಲರಿಗೂ ಕೊಡುವ ಪ್ರಮಾಣ ಕೊಟ್ಟರೆ ಬಾಯಿ ಹುಣ್ಣು, ಭೇದಿ, ಸೋಂಕು ಹೆಚ್ಚಿ ಜೀವಕ್ಕೇ ಬರಬಹುದು. ಚಿಕಿತ್ಸೆಗೆ ಮುಂಚೆ ಈ ಕೊರತೆಯನ್ನು ಪರೀಕ್ಷಿಸಬೇಕೆಂದು ಯುರೋಪಿನ ಔಷಧ ಸಂಸ್ಥೆ 2020ರಲ್ಲಿ ಶಿಫಾರಸು ಮಾಡಿತು. ಯುರೋಪಿನವರಲ್ಲಿ ಕಂಡ ರೂಪಗಳನ್ನಷ್ಟೇ ಹುಡುಕುವ ಪರೀಕ್ಷೆ ನಮ್ಮವರಲ್ಲಿ ಎಲ್ಲವನ್ನೂ ಹಿಡಿಯಲಾರದು. ಆದ್ದರಿಂದ ಪರೀಕ್ಷೆ ಸರಿ ಬಂತೆಂದು ಕೀಮೋ ಬಳಿಕದ ಭೇದಿಯನ್ನು ಅಲಕ್ಷಿಸಬೇಡಿ. ಮಕ್ಕಳ ರಕ್ತ ಕ್ಯಾನ್ಸರ್‌ಗೆ ಕೊಡುವ ಮರ್ಕ್ಯಾಪ್ಟೋಪ್ಯೂರಿನ್ ಗುಳಿಗೆಗೂ ನುಡ್ಟ್15 ಎಂಬ ಜೀನಿನ ಪರೀಕ್ಷೆ ಇದೆ. ಆ ಜೀನಿನ ಬದಲಾವಣೆ ಏಷ್ಯಾದವರಲ್ಲಿ, ನಮ್ಮವರಲ್ಲೂ, ಯುರೋಪಿನವರಿಗಿಂತ ಹೆಚ್ಚು. ಡಾಕ್ಟರರಲ್ಲಿ ಇವೆರಡರ ಬಗ್ಗೆ ಕೇಳುವುದು ನಿಮ್ಮ ಹಕ್ಕು.

ಕೀಮೋ ಬೇಕೇ ಬೇಡವೇ ಎಂಬುದಕ್ಕೂ ರಕ್ತದಿಂದ ಉತ್ತರ ಬರತೊಡಗಿದೆ. ಎರಡನೆಯ ಹಂತದ ಕರುಳಿನ ಕ್ಯಾನ್ಸರ್ ಆಪರೇಷನ್ ಆದ 455 ಮಂದಿಯ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಒಂದು ಗುಂಪಿನಲ್ಲಿ, ಆಪರೇಷನ್ ಬಳಿಕ ರಕ್ತದಲ್ಲಿ ಗಡ್ಡೆಯ ಡಿಎನ್ಎ ಉಳಿದಿದ್ದರೆ ಮಾತ್ರ ಕೀಮೋ ಕೊಟ್ಟರು. ಇನ್ನೊಂದರಲ್ಲಿ ಎಂದಿನಂತೆ ಡಾಕ್ಟರು ನಿರ್ಧರಿಸಿದರು. ಮೊದಲ ಗುಂಪಿನಲ್ಲಿ 100ಕ್ಕೆ 15 ಮಂದಿಗೆ ಕೀಮೋ ಬೇಕಾಯಿತು, ಎರಡನೆಯದರಲ್ಲಿ 28 ಮಂದಿಗೆ. ಎರಡು ವರ್ಷಕ್ಕೆ ರೋಗ ಮರಳದೆ ಉಳಿದವರು ಎರಡೂ ಕಡೆ ಸುಮಾರು ಒಂದೇ, 100ಕ್ಕೆ 93 ಮತ್ತು 92. ಅಂದರೆ ಹಲವರು ಕೀಮೋ ಇಲ್ಲದೆ ಅಷ್ಟೇ ಸುರಕ್ಷಿತವಾಗಿದ್ದರು.

ತಿಳಿದರೆ ಗುಣವಾಯಿತೆಂದಲ್ಲ

ಇಷ್ಟು ಹೇಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳಬೇಕು. ಬೇಗ ತಿಳಿದರೆ ಒಳ್ಳೆಯದು ಎಂದು ಮನಸ್ಸು ಹೇಳುತ್ತದೆ, ಆದರೆ ಪರೀಕ್ಷಿಸಿ ನೋಡಿದಾಗ ಹಾಗಾಗದೆಯೂ ಇದೆ.

ಅಂಡಾಶಯದ ಕ್ಯಾನ್ಸರ್‌ಗೆ ಚಿಕಿತ್ಸೆ ಮುಗಿಸಿ ಆರಾಮವಾಗಿದ್ದು, ಸಿಎ 125 ಮಾತ್ರ ಏರಿದ 529 ಹೆಂಗಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಸಂಖ್ಯೆ ಏರಿದೊಡನೆ ಕೀಮೋ, ಇನ್ನೊಂದಕ್ಕೆ ತೊಂದರೆ ಕಾಣಿಸಿಕೊಂಡ ಮೇಲೆ. 2010ರಲ್ಲಿ ಫಲಿತಾಂಶ ಬಂತು. ಮೊದಲ ಗುಂಪಿನವರು ಸುಮಾರು ಐದು ತಿಂಗಳು ಮುಂಚೆ ಕೀಮೋ ಶುರು ಮಾಡಿದ್ದರು, ಆದರೆ ಬದುಕಿದ ಕಾಲ ಎರಡೂ ಗುಂಪಿನಲ್ಲಿ ಒಂದೇ. ಮುಂಚೆ ಶುರುಮಾಡಿದವರಿಗೆ ಸಿಕ್ಕಿದ್ದು ಕೀಮೋದ ಆಯಾಸದ ತಿಂಗಳುಗಳು. ಹರಡಿದ ಸ್ತನ ಕ್ಯಾನ್ಸರ್‌ನಲ್ಲಿ ಮೊದಲ ಕೀಮೋ ಕೊಟ್ಟು 21 ದಿನಗಳ ಬಳಿಕವೂ ರಕ್ತದಲ್ಲಿ ಕ್ಯಾನ್ಸರ್ ಕೋಶ ಹೆಚ್ಚೇ ಇದ್ದವರಿಗೆ ಕೂಡಲೇ ಬೇರೆ ಕೀಮೋ ಕೊಟ್ಟು ನೋಡಿದರು. 2014ರಲ್ಲಿ ಬಂದ ಉತ್ತರ ಅದೇ: ಆಯುಷ್ಯ ಹೆಚ್ಚಲಿಲ್ಲ. ರೋಗ ಹಠಮಾರಿ ಎಂದು ಪರೀಕ್ಷೆ ಸರಿಯಾಗಿಯೇ ಹೇಳಿತ್ತು, ಬದಲಿಸಿ ಕೊಡಲು ಅದಕ್ಕಿಂತ ಒಳ್ಳೆಯ ಮದ್ದು ಇರಲಿಲ್ಲ.

ಹಾಗಾಗಿ ಗಲ್ಫ್‌ನಲ್ಲಿರುವ ಮಕ್ಕಳಿಗೆ ನನ್ನದೊಂದು ಮನವಿ. ಉಮ್ಮನ, ಉಪ್ಪನ ಸಿಎ ಸಂಖ್ಯೆಯನ್ನು ತಿಂಗಳಿಗೊಮ್ಮೆ ತರಿಸಿ ವಾಟ್ಸಾಪಿನಲ್ಲಿ ಏರಿತೋ ಇಳಿಯಿತೋ ಎಂದು ನೋಡುತ್ತಾ ಕೂರಬೇಡಿ. ಎಷ್ಟು ದಿನಕ್ಕೊಮ್ಮೆ ನೋಡಬೇಕೆಂದು ಡಾಕ್ಟರು ಹೇಳಲಿ. ರಿಪೋರ್ಟನ್ನು ರೋಗಿಗೂ ತೋರಿಸಿ. ರೋಗ ಅವರದ್ದು, ರಕ್ತ ಅವರದ್ದು, ಉತ್ತರ ತಿಳಿಯುವ ಮೊದಲ ಹಕ್ಕೂ ಅವರದ್ದೇ.

ನಮ್ಮ ಊರಿನ ಕ್ಯಾನ್ಸರ್‌ಗೆ ಟಾರ್ಚ್ ಸಾಕು

ನಮ್ಮದು ಅಡಿಕೆಯ ನಾಡು. ನಮ್ಮ ಮನೆ ನಡೆದದ್ದೂ ಅಡಿಕೆಯಿಂದಲೇ, ಆದ್ದರಿಂದ ಹೇಳಲು ಹಿಂಜರಿಕೆಯಾಗುತ್ತದೆ. ಆದರೂ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ, ಹೊಗೆಸೊಪ್ಪು ಸೇರದ ಅಡಿಕೆ ಜಗಿಯುವುದೂ ಕ್ಯಾನ್ಸರ್‌ಗೆ ಕಾರಣ ಎಂದು ತೀರ್ಮಾನಿಸಿದೆ. ಹೊಗೆಸೊಪ್ಪು, ಗುಟ್ಕಾ ಸೇರಿದರೆ ಹೇಳುವುದೇ ಬೇಡ. ಹೀಗೆ ಬರುವ ಬಾಯಿ ಕ್ಯಾನ್ಸರ್‌ಗೆ ಯಾವ ಚಿಕಿತ್ಸೆ ಕೊಡಬೇಕೆಂದು ಆರಿಸಿಕೊಡುವ ರಕ್ತ ಪರೀಕ್ಷೆ ಇವತ್ತು ನಿತ್ಯ ಬಳಕೆಯಲ್ಲಿಲ್ಲ. ಅದನ್ನು ಹುಡುಕಲು ಪ್ಯಾಕೇಜೂ ಬೇಡ. ಒಂದು ಟಾರ್ಚ್, ಒಂದು ಕನ್ನಡಿ ಸಾಕು. ಮೂರು ವಾರಕ್ಕೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ತೆರೆಯಲು ಕಷ್ಟ, ಇವಿದ್ದರೆ ರಕ್ತ ಕೊಡಲು ಓಡುವ ಬದಲು ಬಾಯಿ ತೋರಿಸಲು ಓಡಿ.

ಜಮಾಅತ್‌ಗಳಿಗೆ ಒಂದು ಮಾತು

ರಫಿ ಅಹ್ಮದ್ ಕಿದ್ವಾಯಿ ಅವರ ಹೆಸರಿನಲ್ಲಿ 1973ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಗೆ ರಾಜ್ಯದ ಮೂಲೆ ಮೂಲೆಯಿಂದ ಬಡವರು ಹೋಗುತ್ತಾರೆ. ನಮ್ಮವರು ಮಂಗಳೂರು, ದೇರಳಕಟ್ಟೆಯ ಆಸ್ಪತ್ರೆಗಳಿಗೂ ಹೋಗುತ್ತಾರೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ನೆರವು ಇದೆ. ಆದರೆ ನಿಮ್ಮ ಡಾಕ್ಟರು ಬರೆದ ಪರೀಕ್ಷೆ ಅದರಲ್ಲಿ ಸೇರುತ್ತದೆಯೇ ಎಂದು ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರಲ್ಲಿ ಮೊದಲೇ ಕೇಳಿ, ರಕ್ತ ಕೊಟ್ಟ ಮೇಲಲ್ಲ.

ಸೇರದಿದ್ದರೆ ಅಲ್ಲಿ ಜಮಾಅತ್ ಬರಬೇಕು. ಆಪರೇಷನ್ ಎಂದರೆ ನಾವು ಕೈಬಿಚ್ಚಿ ಕೊಡುತ್ತೇವೆ. ಕಣ್ಣಿಗೆ ಕಾಣುವ ಕಷ್ಟಕ್ಕೆ ಮನ ಕರಗುತ್ತದೆ. ಮೂರು ತಿಂಗಳಿಗೊಮ್ಮೆ ಬರುವ ಪರೀಕ್ಷೆಯ ಫೀಸು, ಬಸ್ ಚಾರ್ಜು ಯಾರ ಕಣ್ಣಿಗೂ ಕಾಣುವುದಿಲ್ಲ. ಯಾವ ನಿಧಿಯಿಂದ ಕೊಡಬಹುದು ಎಂಬುದನ್ನು ಆಲಿಮರು ಹೇಳಲಿ, ಕೊಡಬೇಕು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಯಾರಿಗಾದರೂ ತಿಂಗಳ ಮದ್ದು ಕೊಡುತ್ತಿದ್ದರೆ ಅವರ ಹೆಸರಿನ ಪಕ್ಕದಲ್ಲಿ ಮುಂದಿನ ಪರೀಕ್ಷೆಯ ತಾರೀಕನ್ನೂ ಬರೆದಿಡಿ. ಅವರು ಕೇಳುವವರೆಗೆ ಕಾಯಬೇಡಿ, ನೀವೇ ಫೋನ್ ಮಾಡಿ.

ರೋಗಿಯ ಜೊತೆ ಹೋಗುವವರು ಇಷ್ಟು ನೆನಪಿಡಿ. ಈ ಪರೀಕ್ಷೆಯ ಉತ್ತರದಿಂದ ಏನು ಬದಲಾಗುತ್ತದೆ ಎಂದು ಕೇಳಿ. 'ಇಲ್ಲ' ಎಂದು ಬಂದರೆ ಮುಂದೇನು ಎಂದು ಕೇಳಿ. ಪ್ರತಿ ಸಲ ಒಂದೇ ಲ್ಯಾಬಿನಲ್ಲಿ ಮಾಡಿಸಿ. ಲ್ಯಾಬ್ ಬದಲಾದರೆ ಸಂಖ್ಯೆಯ ಏರಿಳಿತ ರೋಗದ್ದೋ ಯಂತ್ರದ್ದೋ ಗೊತ್ತಾಗದು. ಹಳೆಯ ರಿಪೋರ್ಟುಗಳನ್ನೆಲ್ಲ ತಾರೀಕಿನ ಪ್ರಕಾರ ಒಂದೇ ಫೈಲಿನಲ್ಲಿಡಿ.

ರೋಗ ಕೊಟ್ಟವನೇ ಶಮನವನ್ನೂ ಇಟ್ಟಿದ್ದಾನೆ ಎಂದು ನಂಬುವವರು ನಾವು. ಯಾರಿಗೆ ಯಾವ ಮದ್ದಿನಲ್ಲಿ ಶಮನ ಎಂಬುದನ್ನು ಹುಡುಕುವ ಕೆಲಸ ನಮ್ಮದು. ನಮ್ಮ ಸಮಿತಿಯ ಪುಸ್ತಕದಲ್ಲಿ ಈಗ ಆ ಟ್ಯಾಪಿಂಗ್ ಕೆಲಸದವರ ಹೆಸರಿನ ಪಕ್ಕ ತಾರೀಕು ಬರೆದಿದೆ. ಮುಂದಿನ ಪರೀಕ್ಷೆಗೆ ಅವರ ಜೊತೆ ಬಸ್ಸಿನಲ್ಲಿ ನಾನೇ ಹೋಗುತ್ತೇನೆ, ಇನ್ ಶಾ ಅಲ್ಲಾಹ್. ನಿಮ್ಮ ಊರಿನಲ್ಲೂ ಅಂಥ ಒಬ್ಬರು ಇರಬಹುದು. ಇವತ್ತೇ ವಿಚಾರಿಸಿ.